ಮನೆಯಲ್ಲಿ ಓದಿನ ವಾತಾವರಣ ಅಳೆಯುವುದು ಹೇಗೆ? ಮುಂಬಯಿಯ ಕನ್ನಡ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬಯಿಯ ಯಾವುದಾದರೂ ಕನ್ನಡ ಸಂಘ ನಡೆಸುವ ಭಾನುವಾರದ ತರಗತಿಗೆ ಹೋಗಿ ನೋಡಿ. ನಾಲ್ಕು ವರ್ಷದ ಒಂದು ಮಗು ಪುಸ್ತಕ ಕೈಗೆ ಬಂದ ಕೂಡಲೇ ಚಿತ್ರ ನೋಡಿ ತಾನೇ ಒಂದು ಕಥೆ ಕಟ್ಟುತ್ತದೆ. ಪಕ್ಕದ ಮಗು ಅದೇ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಸುಮ್ನೆ ಕೂತಿರುತ್ತದೆ. ಆಗ ನಮ್ಮ ಬಾಯಿಗೆ ಬರುವ ಮಾತು, "ಮನೆಯಲ್ಲಿ ಗಮನ ಕೊಡೋದಿಲ್ಲ ಅನ್ಸುತ್ತೆ." ಇದು ಬರೀ ಊಹೆ. ಮನೆಗೆ ಹೋಗಿ ಸರಿಯಾಗಿ ಕೇಳಿ, ನೋಡಿ ಬರೆದುಕೊಂಡರೆ ಎಷ್ಟೋ ಸಲ ಈ ಊಹೆ ನಿಲ್ಲುವುದಿಲ್ಲ.

ಈ ಬರಹ ಸಂಘದ ಸ್ವಯಂಸೇವಕರಿಗೆ, ಬಾಲವಾಡಿ ಶಿಕ್ಷಕಿಯರಿಗೆ, ಶಿಕ್ಷಣ ಓದುವ ವಿದ್ಯಾರ್ಥಿಗಳಿಗೆ. ಮಕ್ಕಳ ವಯಸ್ಸು ಮೂರರಿಂದ ಆರು ಅಂತ ಇಟ್ಟುಕೊಳ್ಳಿ.

ಹೆಜ್ಜೆ 1: ಅಳೆಯುವುದು ಏನನ್ನು?

ಪುಸ್ತಕದ ಕಪಾಟು ಎಷ್ಟು ದೊಡ್ಡದಿದೆ ಅಂತ ನೋಡಿ ತೀರ್ಮಾನಕ್ಕೆ ಬರುವವರೇ ಜಾಸ್ತಿ. ಕಪಾಟು ನೋಡಿದರೆ ಮನೆಯವರು ಏನು ಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ, ಅಷ್ಟೇ. ಮಗುವಿನ ಜೊತೆ ಏನು ನಡೆಯುತ್ತದೆ ಅಂತ ಗೊತ್ತಾಗುವುದಿಲ್ಲ.

ಕೆನಡಾದ ಮೋನಿಕ್ ಸೆನೆಶಾಲ್ ಮತ್ತು ಜೋ-ಆನ್ ಲೆಫೆವ್ರ್ ಐದು ವರ್ಷ ಮಕ್ಕಳ ಬೆನ್ನು ಹತ್ತಿ ನಡೆಸಿದ ಅಧ್ಯಯನ 2002ರಲ್ಲಿ ಬಂತು. ಅವರು ಮನೆಯ ಚಟುವಟಿಕೆಗಳನ್ನು ಎರಡಾಗಿ ನೋಡಿದರು. ಒಂದು, ಮಗುವನ್ನು ಕೂರಿಸಿಕೊಂಡು ಕಥೆ ಓದುವುದು. ಇನ್ನೊಂದು, ಅಕ್ಷರ ತೋರಿಸಿ ಓದು ಬರಹ ಕಲಿಸುವುದು. ಕಥೆ ಕೇಳಿದ ಮಕ್ಕಳಲ್ಲಿ ಪದಸಂಪತ್ತು, ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿತ್ತು. ಅಕ್ಷರ ಕಲಿಸಿದ ಮನೆಗಳ ಮಕ್ಕಳು ಶಾಲೆಯ ಮೊದಲ ಓದಿನಲ್ಲಿ ಮುಂದಿದ್ದರು. ಕಥೆ ಓದುವ ಮನೆ ಅಕ್ಷರವನ್ನೂ ಕಲಿಸುತ್ತದೆ ಅಂತೇನಿರಲಿಲ್ಲ. ಆದ್ದರಿಂದ ನಿಮ್ಮ ಹಾಳೆಯಲ್ಲೂ ಇವೆರಡಕ್ಕೆ ಬೇರೆ ಬೇರೆ ಸಾಲು ಬೇಕು.

ಇವೆರಡರ ಜೊತೆ ಇನ್ನೆರಡು ಸೇರಿಸಿ. ಮನೆಯಲ್ಲಿ ಮಗುವಿನ ಕೈಗೆ ಸಿಗುವ ವಸ್ತುಗಳು, ಅಂದರೆ ಪುಸ್ತಕ, ಕಾಗದ, ಪೆನ್ಸಿಲ್. ಮತ್ತೆ ದೊಡ್ಡವರ ಸ್ವಂತ ಓದು, ಅದೂ ಮಗುವಿನ ಕಣ್ಣಿಗೆ ಬೀಳುವಂಥದ್ದು. ಒಟ್ಟು ನಾಲ್ಕು ಸಾಲು.

ಕನ್ನಡದ ಬಗ್ಗೆ ಒಂದು ಎಚ್ಚರಿಕೆ. ಇಂಗ್ಲಿಷ್‌ಗಾಗಿ ಮಾಡಿದ ಪ್ರಶ್ನಾವಳಿಗಳಲ್ಲಿ "ಮಗುವಿಗೆ ಎಷ್ಟು ಅಕ್ಷರ ಬರುತ್ತದೆ" ಅನ್ನುವುದಕ್ಕೆ ತುಂಬ ಬೆಲೆ ಇರುತ್ತದೆ. ಅಲ್ಲಿರುವುದು 26 ಅಕ್ಷರ. ನಮ್ಮಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ, ಒತ್ತಕ್ಷರದ ಲೆಕ್ಕ ಬೇರೆಯೇ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರ ಕಲಿಕೆ ಪ್ರಾಥಮಿಕ ಶಾಲೆಯ ಮೂರು ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುವುದು ಕಂಡುಬಂತು. ಹಾಗಿದ್ದಾಗ ನಾಲ್ಕು ವರ್ಷದ ಮಗುವಿಗೆ ಹತ್ತು ಅಕ್ಷರ ಬರಲಿಲ್ಲ ಅಂತ ಮನೆಗೆ ಕಡಿಮೆ ಅಂಕ ಕೊಡುವುದು ಅನ್ಯಾಯ.

ಹೆಜ್ಜೆ 2: ಇರುವ ಸಾಧನಗಳನ್ನು ನೋಡಿಕೊಳ್ಳಿ

ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಬೆಟ್ಟಿ ಕಾಲ್ಡ್‌ವೆಲ್ ಮತ್ತು ರಾಬರ್ಟ್ ಬ್ರ್ಯಾಡ್ಲಿ ಅಮೆರಿಕದಲ್ಲಿ ರೂಪಿಸಿದ ಹೋಮ್ ಇನ್ವೆಂಟರಿ (ಮನೆಯ ವಾತಾವರಣ ಅಳೆಯುವ ಪಟ್ಟಿ) ತುಂಬ ಹಳೆಯದು, ಇವತ್ತಿಗೂ ಬಳಕೆಯಲ್ಲಿದೆ. ಮೂರರಿಂದ ಆರು ವರ್ಷದವರಿಗಾಗಿ ಇರುವ ಅದರ ರೂಪದಲ್ಲಿ 55 ಅಂಶಗಳಿವೆ. ಮಗು ಎದ್ದಿರುವ ಹೊತ್ತಿನಲ್ಲಿ ಮನೆಗೆ ಹೋಗಿ, ಸುಮಾರು ಒಂದು ಗಂಟೆ ಕೂತು, ಅರ್ಧ ಕೇಳಿ ಅರ್ಧ ನೋಡಿ ತುಂಬಿಸಬೇಕು. ಅದರಲ್ಲಿ ಓದು ಒಂದು ಭಾಗ ಮಾತ್ರ.

ಯುನಿಸೆಫ್ ಹಲವು ದೇಶಗಳಲ್ಲಿ ನಡೆಸುವ ಮನೆ ಸಮೀಕ್ಷೆಯಲ್ಲಿ ಇನ್ನೂ ಚಿಕ್ಕ ದಾರಿಯಿದೆ. ಕಳೆದ ಮೂರು ದಿನಗಳಲ್ಲಿ ಮನೆಯ ದೊಡ್ಡವರು ಮಗುವಿನ ಜೊತೆ ಆರು ಕೆಲಸಗಳಲ್ಲಿ ಎಷ್ಟು ಮಾಡಿದರು ಅಂತ ಕೇಳುತ್ತಾರೆ: ಪುಸ್ತಕ ಓದುವುದು, ಕಥೆ ಹೇಳುವುದು, ಹಾಡುವುದು, ಹೊರಗೆ ಕರೆದುಕೊಂಡು ಹೋಗುವುದು, ಆಡುವುದು, ಮತ್ತೆ ಆರನೆಯದಾಗಿ ಹೆಸರು ಹೇಳಿಸುವುದೋ ಎಣಿಸುವುದೋ ಚಿತ್ರ ಬರೆಯುವುದೋ ಒಂದು. ಜೊತೆಗೆ ಮೂರು ಅಥವಾ ಹೆಚ್ಚು ಮಕ್ಕಳ ಪುಸ್ತಕ ಇದೆಯಾ ಅನ್ನುವ ಪ್ರಶ್ನೆ. "ಕಳೆದ ಮೂರು ದಿನ" ಅನ್ನುವ ಗಡಿ ನನಗೆ ತುಂಬ ಹಿಡಿಸಿದ್ದು. ಅದನ್ನು ಎರವಲು ತೆಗೆದುಕೊಳ್ಳಿ.

ಹೆಜ್ಜೆ 3: ಭಾಷೆಯ ಪಟ್ಟಿ ಮೊದಲು, ಪ್ರಶ್ನೆ ಆಮೇಲೆ

ಮುಂಬಯಿಯಲ್ಲಿ ಈ ಹೆಜ್ಜೆ ಬಿಟ್ಟರೆ ಉಳಿದದ್ದೆಲ್ಲ ದಾರಿ ತಪ್ಪುತ್ತದೆ. ಒಂದು ಸಾಮಾನ್ಯ ಮನೆ ನೋಡಿ. ಅಜ್ಜಿ ಉಡುಪಿ ಕಡೆಯವರು, ಮಾತು ತುಳು, ಓದು ಕನ್ನಡ. ತಂದೆ ಊರಲ್ಲಿ ಹತ್ತನೇವರೆಗೆ ಕನ್ನಡ ಮಾಧ್ಯಮ, ಈಗ ಹೋಟೆಲ್ ವ್ಯವಹಾರ. ತಾಯಿ ಹುಟ್ಟಿದ್ದು ಡೊಂಬಿವಲಿಯಲ್ಲಿ, ಓದಿದ್ದು ಇಂಗ್ಲಿಷಿನಲ್ಲಿ. ತುಳು ಬರುತ್ತದೆ, ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮಗು ಇಂಗ್ಲಿಷ್ ನರ್ಸರಿಗೆ ಹೋಗುತ್ತದೆ, ಬಿಲ್ಡಿಂಗಿನ ಗೆಳೆಯರ ಜೊತೆ ಹಿಂದಿ. ಒಂದನೇ ತರಗತಿಗೆ ಬಂದರೆ ಮರಾಠಿಯೂ ಸೇರುತ್ತದೆ, ಯಾಕೆಂದರೆ 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ.

ಈ ಮನೆಯಲ್ಲಿ "ಮಗುವಿಗೆ ಕನ್ನಡ ಪುಸ್ತಕ ಓದಿ ಹೇಳ್ತೀರಾ?" ಅಂತ ತಾಯಿಯನ್ನು ಕೇಳಿದರೆ ಉತ್ತರ "ಇಲ್ಲ". ಹಾಳೆಯಲ್ಲಿ ಸೊನ್ನೆ. ಆದರೆ ತಾಯಿ ರಾತ್ರಿ ಇಂಗ್ಲಿಷ್ ಚಿತ್ರಪುಸ್ತಕ ತೆರೆದು ತುಳುವಿನಲ್ಲಿ ವಿವರಿಸುತ್ತಿರಬಹುದು. ಅಜ್ಜಿ ತುಳುವಿನಲ್ಲಿ ಪಾಡ್ದನದ ಕಥೆ ಹೇಳುತ್ತಿರಬಹುದು. ಇದೆಲ್ಲ ಓದಿನ ವಾತಾವರಣವೇ ತಾನೆ?

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಮಗುವಿನ ಸುತ್ತ ಇರುವವರ ಹೆಸರಿಲ್ಲದೆ ಸಂಬಂಧ ಮಾತ್ರ: ಅಮ್ಮ, ಅಪ್ಪ, ಅಜ್ಜಿ, ಮಾವ, ಪಕ್ಕದ ಮನೆಯ ಆಂಟಿ. ಪ್ರತಿಯೊಬ್ಬರ ಮುಂದೆ ಮೂರು ಕಾಲಂ. ಮಗುವಿನ ಜೊತೆ ಯಾವ ಭಾಷೆ ಮಾತಾಡುತ್ತಾರೆ? ಯಾವ ಲಿಪಿ ಓದಬಲ್ಲರು? ಮಗು ಎದ್ದಿರುವಾಗ ದಿನಕ್ಕೆ ಎಷ್ಟು ಹೊತ್ತು ಜೊತೆಗಿರುತ್ತಾರೆ? ಮೂರನೆಯ ಕಾಲಂ ಇಲ್ಲಿ ಮುಖ್ಯ. ಕಲ್ಯಾಣ ಕಡೆಯಿಂದ ಲೋಕಲ್ ಹಿಡಿದು ಪೇಟೆಗೆ ಕೆಲಸಕ್ಕೆ ಹೋಗುವ ಅಪ್ಪ ಎಷ್ಟೇ ಓದಿದವರಾಗಿರಲಿ, ಮಗು ಎದ್ದಿರುವಾಗ ಮನೆಯಲ್ಲಿ ಇರುವುದೇ ಕಡಿಮೆ.

ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಮನೆಗಳಲ್ಲಿ ಪಟ್ಟಿ ಬೇರೆ ಥರ ಕಾಣುತ್ತದೆ. ಅಕ್ಷರ ಬಲ್ಲ ದೊಡ್ಡವರು ಯಾರೂ ಇಲ್ಲದಿರಬಹುದು, ಆದರೆ ಕನ್ನಡ ಮಾತು ಮಾತ್ರ ಮನೆ ತುಂಬ. ಆ ಎರಡನೇ ಭಾಗವನ್ನು ಹಾಳೆ ಹಿಡಿಯದಿದ್ದರೆ ಹಾಳೆಯೇ ಸರಿಯಿಲ್ಲ ಅಂತ ತಿಳಿಯಿರಿ.

ಹೆಜ್ಜೆ 4: ನಿನ್ನೆಯ ಬಗ್ಗೆ ಕೇಳಿ

"ಮಗುವಿಗೆ ಕಥೆ ಹೇಳ್ತೀರಾ?" ಅಂದರೆ ಎಲ್ಲರೂ "ಹೌದು" ಅನ್ನುತ್ತಾರೆ. ಟೀಚರ್ ಮನೆಗೆ ಬಂದು ಕೇಳಿದರೆ ಇಲ್ಲ ಅನ್ನುವವರು ಯಾರು? "ಸಾಮಾನ್ಯವಾಗಿ ವಾರಕ್ಕೆ ಎಷ್ಟು ಸಲ?" ಅನ್ನುವುದೂ ಇದೇ ಜಾತಿಯ ಪ್ರಶ್ನೆ. ಜನ ಆಗ ತಾವು ಏನು ಮಾಡಬೇಕು ಅಂದುಕೊಂಡಿದ್ದಾರೋ ಅದನ್ನು ಹೇಳುತ್ತಾರೆ. ನಿನ್ನೆಯದನ್ನು ಕೇಳಿದರೆ ನಡೆದದ್ದು ಬರುತ್ತದೆ. ಜೊತೆಗೆ, ಯಾರೂ ಲೆಕ್ಕಕ್ಕೆ ಇಡದ ಸಂಗತಿಗಳೂ ಬರುತ್ತವೆ. ಮಾತುಕತೆ ಹೀಗೆ ಸಾಗಬಹುದು:

"ಅಕ್ಕ, ನಿನ್ನೆ ರಾತ್ರಿ ಊಟ ಆದ ಮೇಲೆ ಪುಟ್ಟಿ ಏನು ಮಾಡಿದಳು?"
"ಏನಿಲ್ಲ ಟೀಚರ್, ಫೋನ್ ನೋಡ್ತಾ ಕೂತಿದ್ದಳು. ಆಮೇಲೆ ಅತ್ತೆ ಪಕ್ಕ ಮಲಗಿದಳು."
"ಅತ್ತೆ ಏನಾದರೂ ಹೇಳಿದರಾ?"
"ಅವರದ್ದು ಇದ್ದೇ ಇದೆಯಲ್ಲ, ಕಾಗಕ್ಕ ಗುಬ್ಬಕ್ಕನ ಕಥೆ. ದಿನಾ ಅದೇ. ಅದನ್ನೆಲ್ಲ ಯಾಕೆ ಬರೀತೀರಿ?"

ಬರೆಯಲೇಬೇಕು. ದಿನಾ ಒಂದೇ ಕಥೆ ಕೇಳುವ ಮಗು ಮುಂದೇನಾಗುತ್ತದೆ ಅಂತ ಮೊದಲೇ ಹೇಳುತ್ತದೆ, ಒಂದು ಮಾತು ತಪ್ಪಿದರೆ ತಿದ್ದುತ್ತದೆ. ಕಥೆಗೆ ಮೊದಲು, ನಡು, ಕೊನೆ ಇದೆ ಅನ್ನುವುದು ಹಾಗೆ ಕಲಿತದ್ದು.

ಪ್ರಶ್ನೆಗಳು ಇವು. ನಿಮ್ಮ ಕಡೆಯ ಮಾತಿಗೆ ತಕ್ಕಂತೆ ಬದಲಿಸಿಕೊಳ್ಳಿ.

1. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಜೊತೆ ಯಾರ್ಯಾರು ಇದ್ದರು?
2. ಯಾರಾದರೂ ಪುಸ್ತಕ ತೆರೆದು ಮಗುವಿಗೆ ಓದಿದರಾ? ಯಾವ ಪುಸ್ತಕ, ಯಾವ ಭಾಷೆ? ನಡುವೆ ಮಗು ಏನಾದರೂ ಕೇಳಿತಾ?
3. ಪುಸ್ತಕ ಇಲ್ಲದೆ ಯಾರಾದರೂ ಕಥೆ ಹೇಳಿದರಾ? ಕಥೆಯಲ್ಲಿ ಯಾರಿದ್ದರು?
4. ಹಾಡು, ಒಗಟು, ಭಜನೆ, ಶ್ಲೋಕ ಏನಾದರೂ ಜೊತೆಯಲ್ಲಿ ಹೇಳಿದರಾ?
5. ಊರಿಗೆ ಫೋನ್ ಅಥವಾ ವಿಡಿಯೋ ಕಾಲ್ ಮಾಡಿದಾಗ ಮಗು ಮಾತಾಡಿತಾ? ಯಾವ ಭಾಷೆಯಲ್ಲಿ?
6. ಅಕ್ಷರ ಅಥವಾ ಹೆಸರು ಬರೆಯಲು ಯಾರಾದರೂ ತೋರಿಸಿದರಾ? ಯಾವ ಲಿಪಿ?
7. ಗೀಚಲು ಕಾಗದ, ಪೆನ್ಸಿಲ್ ಮಗು ಕೇಳದೆಯೇ ತೆಗೆದುಕೊಳ್ಳುವ ಜಾಗದಲ್ಲಿ ಇದೆಯಾ?
8. ಶಾಲೆಯ ಪಠ್ಯ ಬಿಟ್ಟು, ಮಗುವಿನದೇ ಪುಸ್ತಕ ಎಷ್ಟು? ಯಾವ ಯಾವ ಭಾಷೆಯದು?
9. ಮಗು ನೋಡುತ್ತಿದ್ದಾಗ ದೊಡ್ಡವರು ಏನಾದರೂ ಓದಿದರಾ, ಬರೆದರಾ? ಪೇಪರ್, ಪಂಚಾಂಗ, ಲೆಕ್ಕದ ಪುಸ್ತಕ, ಯಾವುದಾದರೂ ಸರಿ.
10. ಫೋನಿನಲ್ಲಿ ಹಾಡು ಅಥವಾ ಕಥೆ ನೋಡುವಾಗ ಪಕ್ಕದಲ್ಲಿ ಯಾರಾದರೂ ಕೂತಿದ್ದರಾ?

ಎರಡರಿಂದ ಆರರವರೆಗೆ, ಮತ್ತೆ ಒಂಬತ್ತಕ್ಕೆ, ಉತ್ತರ "ನಿನ್ನೆ" ಆದರೆ 3, ಮೂರು ದಿನದೊಳಗೆ ಆದರೆ 2, ಈ ವಾರದಲ್ಲಿ ಆದರೆ 1, ಇಲ್ಲದಿದ್ದರೆ 0. ಎರಡರಿಂದ ಐದು ಕಥೆ ಮಾತಿನ ಸಾಲಿಗೆ, ಆರು ಅಕ್ಷರದ ಸಾಲಿಗೆ, ಒಂಬತ್ತು ದೊಡ್ಡವರ ಓದಿನ ಸಾಲಿಗೆ. ಏಳು ಮತ್ತು ಎಂಟು ವಸ್ತುಗಳ ಸಾಲಿಗೆ ಹೋಗುತ್ತವೆ: ಕಾಗದ ಪೆನ್ಸಿಲ್ ಕೈಗೆಟುಕಿದರೆ 1, ಒಂದೆರಡು ಪುಸ್ತಕಕ್ಕೆ 1, ಮೂರು ಅಥವಾ ಹೆಚ್ಚಿದ್ದರೆ 2. ಫೋನಿನಲ್ಲಿ ನೋಡುವ ಹತ್ತನೇ ಪ್ರಶ್ನೆಗೆ ಅಂಕ ಬೇಡ. ಫೋನ್ ಇಲ್ಲದ ಮನೆ ಸಿಗುವುದೇ ಅಪರೂಪ, ಹಾಗಾಗಿ ಅದು ಮನೆ ಮನೆಯ ವ್ಯತ್ಯಾಸ ತೋರಿಸುವುದಿಲ್ಲ. ಆದರೆ ದೊಡ್ಡವರು ಪಕ್ಕ ಕೂತು ಮಾತಾಡಿದ್ದರೆ ಪಕ್ಕದಲ್ಲಿ ಬರೆದಿಡಿ.

ಹೆಜ್ಜೆ 5: ಹೆಚ್ಚಿಸಿ ಹೇಳುವುದನ್ನು ಹಿಡಿಯುವ ಎರಡು ಉಪಾಯ

ಮೊದಲನೆಯದು ಹೆಸರುಗಳ ಪಟ್ಟಿ. ಕೀತ್ ಸ್ಟಾನೊವಿಚ್ ಮತ್ತು ರಿಚರ್ಡ್ ವೆಸ್ಟ್ 1989ರಲ್ಲಿ ದೊಡ್ಡವರ ಓದನ್ನು ಅಳೆಯಲು ಲೇಖಕರ ಪಟ್ಟಿಯೊಂದನ್ನು ಬಳಸಿದರು. ನಿಜವಾದ ಹೆಸರುಗಳ ನಡುವೆ ಸುಳ್ಳು ಹೆಸರು ಸೇರಿಸಿ, ಗೊತ್ತಿರುವುದಕ್ಕೆ ಗುರುತು ಹಾಕಿ ಅನ್ನುವುದು. ಸೆನೆಶಾಲ್ ಇದನ್ನೇ ಮಕ್ಕಳ ಪುಸ್ತಕಗಳ ಹೆಸರಿಗೆ ಅಳವಡಿಸಿದರು. ಸುಳ್ಳು ಹೆಸರಿಗೆ ಗುರುತು ಬಿದ್ದಷ್ಟೂ ಅಂಕ ಕಳೆಯುತ್ತಾರೆ. ನಮ್ಮಲ್ಲಿ ಇದನ್ನು ನೇರವಾಗಿ ತರಲಾಗುವುದಿಲ್ಲ. ಮುಂಬಯಿಯಲ್ಲಿ ಕನ್ನಡ ಮಕ್ಕಳ ಪುಸ್ತಕ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಗೊತ್ತಿಲ್ಲದಿದ್ದರೆ ಅದು ಮನೆಯ ತಪ್ಪಲ್ಲ. ಸಂಘದ ಲೈಬ್ರರಿಯಲ್ಲಿ ಇರುವ ಪುಸ್ತಕಗಳಿಂದ, ಮನೆಯವರು ಓದುವ ಎಲ್ಲ ಭಾಷೆಗಳನ್ನೂ ಸೇರಿಸಿ ಪಟ್ಟಿ ಮಾಡಿ. ಓದಲು ಬಾರದ ಮನೆಗೆ ನನ್ನ ಸಲಹೆ ಬೇರೆ: ಅಜ್ಜಿಕಥೆಗಳ ಪಟ್ಟಿ ಬಾಯಲ್ಲೇ ಹೇಳಿ, ನಡುವೆ ಇಲ್ಲದ ಕಥೆ ಒಂದೆರಡು ಸೇರಿಸಿ.

ಎರಡನೆಯದು ಇನ್ನೂ ಸುಲಭ. ಮಗುವನ್ನೇ ಕೇಳಿ: "ಪುಟ್ಟಾ, ನಿಂಗೆ ಇಷ್ಟ ಆದ ಪುಸ್ತಕ ತಂದು ತೋರಿಸ್ತೀಯಾ?" ಓದಿಸಿಕೊಳ್ಳುವ ಮಗುವಿಗೆ ಪುಸ್ತಕ ಎಲ್ಲಿದೆ ಅಂತ ಗೊತ್ತಿರುತ್ತದೆ. ಸರಿಯಾಗಿ ಹಿಡಿಯುತ್ತದೆ, ಬಲದಿಂದ ಎಡಕ್ಕೆ ಹಾಳೆ ತಿರುಗಿಸುತ್ತದೆ, ಚಿತ್ರ ಯಾವುದು ಬರಹ ಯಾವುದು ಅಂತ ಬೆರಳಿಟ್ಟು ತೋರಿಸುತ್ತದೆ. ನ್ಯೂಜಿಲೆಂಡಿನ ಮೇರಿ ಕ್ಲೇ ಇಂಥ ತಿಳಿವಳಿಕೆಯನ್ನೇ ಒಂದು ಪರೀಕ್ಷೆಯಾಗಿ ರೂಪಿಸಿದ್ದರು. ಪುಸ್ತಕ ಹುಡುಕಲು ಅಮ್ಮ ಕಪಾಟಿನ ಮೇಲಿನ ಬೀಗ ತೆಗೆಯಬೇಕಾಯಿತು ಅಂದರೆ, ಕೊಟ್ಟ ಉತ್ತರದ ಪಕ್ಕ ಒಂದು ಪ್ರಶ್ನಾರ್ಥಕ ಹಾಕಿ.

ಹೆಜ್ಜೆ 6: ಮನೆಗೆ ಹೋಗುವುದು

ಹೊತ್ತು ನೋಡಿಕೊಂಡು ಹೋಗಿ. ಹೋಟೆಲಿನವರ ಮನೆಗೆ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ. ಆಫೀಸಿನವರಿಗೆ ಭಾನುವಾರ ಬೆಳಿಗ್ಗೆ. ಆದರೆ ಭಾನುವಾರ ಹೋದರೆ "ನಿನ್ನೆ" ಅಂದರೆ ಶನಿವಾರ, ಅರ್ಧ ಮನೆಗಳಿಗೆ ರಜೆ. ಹಾಳೆಯಲ್ಲಿ ವಾರ ಬರೆದಿಡಿ. ಮೇ ತಿಂಗಳಲ್ಲಿ ಅಳೆಯಲೇಬೇಡಿ. ಮಕ್ಕಳು ಊರಿಗೆ ಹೋಗಿರುತ್ತಾರೆ, ಇಲ್ಲವೇ ಊರಿಂದ ಬಂದ ಅಜ್ಜ ಅಜ್ಜಿಯರಿಂದ ಮನೆ ತುಂಬಿರುತ್ತದೆ.

ಯಾಕೆ ಬಂದಿದ್ದೀರಿ ಅಂತ ಮೊದಲೇ ಹೇಳಿ, ಒಪ್ಪಿಗೆ ಕೇಳಿ. ಚಾಳಿನ ಖೋಲಿಯಲ್ಲಾದರೆ ಬಾಗಿಲಲ್ಲಿ ಅಕ್ಕಪಕ್ಕದವರು ನಿಂತಿರುತ್ತಾರೆ. ಅವರೆದುರು ಓದು ಬರಹ ಬರುತ್ತದಾ ಅಂತ ಕೇಳಬೇಡಿ. ಫೋಟೋ ಬೇಡ. ಅಜ್ಜಿ ಇದ್ದರೆ ಅಜ್ಜಿಯನ್ನೂ ಕೂರಿಸಿಕೊಳ್ಳಿ, ದಿನವಿಡೀ ಮಗುವಿನ ಜೊತೆ ಇರುವವರು ಅವರೇ.

ಕೂತಲ್ಲಿಂದಲೇ ಕಣ್ಣಾಡಿಸಿ, ಮನೆಯಲ್ಲಿ ಕನ್ನಡ ಅಕ್ಷರ ಎಲ್ಲೆಲ್ಲಿ ಕಾಣುತ್ತದೆ ಅಂತ. ಗೋಡೆಯ ಕ್ಯಾಲೆಂಡರ್, ಮದುವೆ ಕಾಗದ, ದೇವರ ಪಟದ ಕೆಳಗಿನ ಹೆಸರು, ಇಲ್ಲೇ ಅಚ್ಚಾಗುವ ಕರ್ನಾಟಕ ಮಲ್ಲ ಪತ್ರಿಕೆ. ಇದಕ್ಕೆ ಕಾರಣ ಇದೆ. ಮಂಗಳೂರಿನ ಮಗು ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹೆಸರಲ್ಲಿ ದಿನಾ ಕನ್ನಡ ನೋಡುತ್ತದೆ. ಮುಂಬಯಿಯ ಮಗುವಿಗೆ ಸ್ಟೇಷನ್ನಿನ ಫಲಕ ದೇವನಾಗರಿ ಮತ್ತು ಇಂಗ್ಲಿಷಿನಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೋ ಕರ್ನಾಟಕ ಸಂಘಕ್ಕೋ ಹೋದ ದಿನ ಬಿಟ್ಟರೆ ಹೊರಗೆ ಕನ್ನಡ ಅಕ್ಷರ ಕಾಣುವುದೇ ಅಪರೂಪ. ಹಾಗಾಗಿ ಗೋಡೆಯ ಕ್ಯಾಲೆಂಡರಿಗೂ ಇಲ್ಲಿ ತೂಕ ಜಾಸ್ತಿ.

ಮಾತು ಎಷ್ಟು ಅಂತ ಎಣಿಸುವ ಆಸೆ ಕೆಲವರಿಗೆ ಇರುತ್ತದೆ. ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಅಮೆರಿಕದ 42 ಕುಟುಂಬಗಳಲ್ಲಿ ರೆಕಾರ್ಡ್ ಮಾಡಿ, ಬಡ ಮನೆಯ ಮಕ್ಕಳು ಕೋಟಿಗಟ್ಟಲೆ ಪದ ಕಡಿಮೆ ಕೇಳುತ್ತಾರೆ ಅಂತ 1995ರಲ್ಲಿ ಬರೆದರು. ಅದು ತುಂಬ ಹೆಸರಾಯಿತು. 2019ರಲ್ಲಿ ಡಗ್ಲಾಸ್ ಸ್ಪೆರಿ ಮತ್ತು ಜೊತೆಯವರು ಬೇರೆ ಬೇರೆ ಸಮುದಾಯಗಳಲ್ಲಿ, ಮಗುವಿನ ಸುತ್ತ ಇತರರು ಆಡುವ ಮಾತನ್ನೂ ಸೇರಿಸಿ ನೋಡಿದರು. ಆಗ ಆ ಚಿತ್ರ ಅಷ್ಟು ಸರಳವಾಗಿ ಉಳಿಯಲಿಲ್ಲ. ತಾಯಿಯೊಬ್ಬಳ ಮಾತನ್ನೇ ಎಣಿಸಿ ಚಾಳಿನ ಮನೆಯನ್ನು ಅಳೆದರೆ ಇದೇ ಎಡವಟ್ಟು.

ಹೆಜ್ಜೆ 7: ಅಂಕಗಳನ್ನು ಕೂಡಿಸಬೇಡಿ

ನಾಲ್ಕು ಸಾಲು ನಾಲ್ಕಾಗಿಯೇ ಉಳಿಯಲಿ. ಒಂದು ಸಾಲಿನಲ್ಲಿ ಹಲವು ಪ್ರಶ್ನೆ ಇದ್ದರೆ ಅತಿ ಹೆಚ್ಚಿನ ಅಂಕ ತೆಗೆದುಕೊಳ್ಳಿ, ವಸ್ತುಗಳ ಸಾಲಿನಲ್ಲಿ ಮಾತ್ರ ಎರಡನ್ನೂ ಸೇರಿಸಿ. ಉದಾಹರಣೆಗೆ ಒಂದು ಮನೆಯಲ್ಲಿ ವಸ್ತು 3, ಕಥೆ ಮಾತು 1, ಅಕ್ಷರ 3, ದೊಡ್ಡವರ ಓದು 1. ಇನ್ನೊಂದರಲ್ಲಿ ವಸ್ತು 1, ಕಥೆ ಮಾತು 3, ಅಕ್ಷರ 1, ದೊಡ್ಡವರ ಓದು 3. ಕೂಡಿಸಿದರೆ ಎರಡೂ 8. ಮೊದಲ ಮನೆಗೆ ಬೇಕಾದದ್ದು ಕಥೆ ಕೇಳುವ ಹೊತ್ತು. ಎರಡನೆಯದಕ್ಕೆ ಕೈಗೆ ಸಿಗುವ ಕಾಗದ ಪುಸ್ತಕ. 8 ಅನ್ನುವ ಅಂಕಿ ಇದನ್ನು ಮುಚ್ಚಿಬಿಡುತ್ತದೆ. ಪ್ರತಿ ಅಂಕದ ಪಕ್ಕ ಭಾಷೆಯ ಮೊದಲ ಅಕ್ಷರ ಬರೆಯಿರಿ: ಕ, ತು, ಮ, ಹಿಂ, ಇಂ.

ಹೆಜ್ಜೆ 8: ಅಳತೆಯನ್ನೇ ಅಳೆದು ನೋಡಿ

ಮೊದಲ ಕೆಲವು ಮನೆಗಳಿಗೆ ಇಬ್ಬರು ಹೋಗಿ, ಬೇರೆ ಬೇರೆ ಹಾಳೆ ತುಂಬಿಸಿ. 10 ಪ್ರಶ್ನೆಗಳಲ್ಲಿ 8 ಹೊಂದಿದರೆ ಶೇಕಡಾ 80. ಹೊಂದದ ಎರಡನ್ನು ಮತ್ತೆ ಬರೆಯಿರಿ. ಎಚ್ಚರ, ಎಲ್ಲ ಮನೆಯಲ್ಲೂ ಉತ್ತರ "ಇಲ್ಲ" ಬರುವ ಪ್ರಶ್ನೆಯಲ್ಲಿ ಇಬ್ಬರೂ ಕಣ್ಣು ಮುಚ್ಚಿ ಬರೆದರೂ ಹೊಂದುತ್ತದೆ. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕ ಇಂಥ ಆಕಸ್ಮಿಕ ಹೊಂದಿಕೆಯನ್ನು ಕಳೆಯುತ್ತದೆ. ಪ್ರಬಂಧಕ್ಕಾಗಿ ಮಾಡುವವರು ಅದನ್ನು ಬಳಸಲಿ, ಸಂಘದ ಕೆಲಸಕ್ಕೆ ಶೇಕಡಾ ಸಾಕು.

ಎರಡು ವಾರ ಬಿಟ್ಟು ಕೆಲವು ಮನೆಗಳಿಗೆ ಮತ್ತೆ ಹೋಗಿ, ವಾರದ ಅದೇ ದಿನ, ಅದೇ ಹೊತ್ತು. ಉತ್ತರ ಪೂರ್ತಿ ಬದಲಾದರೆ ಒಂದು ದಿನದ ಅಳತೆ ನಂಬುವಂತಿಲ್ಲ, ಎರಡು ಭೇಟಿ ಬೇಕು.

ಹೆಜ್ಜೆ 9: ಮನೆಗೆ ಏನು ಹೇಳುವುದು

ಒಂದೇ ಸಲಹೆ ಕೊಡಿ. ಹತ್ತು ಕೊಟ್ಟರೆ ಒಂದೂ ಉಳಿಯುವುದಿಲ್ಲ. ಕಥೆಯ ಸಾಲು ತಗ್ಗಿದ್ದರೆ, ಓದುವಾಗ ನಿಲ್ಲಿಸಿ "ಈಗ ಏನಾಗುತ್ತೆ?" ಅಂತ ಮಗುವನ್ನು ಕೇಳುವುದನ್ನು ತೋರಿಸಿಕೊಡಿ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಯವರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಕೇಳುತ್ತಾ ಓದಿದ ಮನೆಗಳ ಪುಟ್ಟ ಮಕ್ಕಳ ಮಾತು ಬೇಗ ಬೆಳೆದಿತ್ತು. ಪುಸ್ತಕದ ಸಾಲು ತಗ್ಗಿದ್ದರೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತ. ಸಂಘದಲ್ಲಿ ಅಚ್ಚು ಹಾಕಿ ಮನೆ ಮನೆಗೆ ತಿರುಗಿಸಬಹುದು. ತಾಯಿಗೆ ಕನ್ನಡ ಓದಲು ಬಾರದಿದ್ದರೆ ಅದೇ ಕಥೆ ಅಲ್ಲಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದೆಯಾ ನೋಡಿ. ತಾಯಿ ತನ್ನ ಭಾಷೆಯಲ್ಲಿ ಓದಲಿ, ಅಜ್ಜಿ ಕನ್ನಡದಲ್ಲಿ ಓದಲಿ. ಮಗುವಿಗೆ ಕಥೆ ಎರಡು ಸಲ ಸಿಗುತ್ತದೆ.

ಹಾಳೆಗಳಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ. ಸಂಘದ ಸಭೆಯಲ್ಲಿ ಯಾವ ಮನೆ ಮೊದಲು, ಯಾವ ಮನೆ ಕೊನೆ ಅಂತ ಓದುವುದು ಖಂಡಿತ ಬೇಡ. ಒಮ್ಮೆ ಹಾಗಾದರೆ ಮುಂದಿನ ಸಲ ನಿಜವಾದ ಉತ್ತರ ಯಾರೂ ಕೊಡುವುದಿಲ್ಲ.

ಇಷ್ಟೆಲ್ಲ ಮಾಡಲು ಜನವೂ ಹೊತ್ತೂ ಇಲ್ಲ ಅನ್ನುವ ಸಂಘಗಳಿಗೆ, ತರಗತಿಗೆ ಮಗುವನ್ನು ಬಿಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಬಹುದಾದ ಮೂರು ಪ್ರಶ್ನೆ: ನಿನ್ನೆ ಮಗುವಿಗೆ ಕಥೆ ಯಾರು ಹೇಳಿದರು, ಯಾವ ಭಾಷೆಯಲ್ಲಿ? ಮಗುವಿನ ಪುಸ್ತಕ ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ? ನಿನ್ನೆ ಮಗು ಎದ್ದಿರುವಾಗ ಜಾಸ್ತಿ ಹೊತ್ತು ಜೊತೆಗಿದ್ದವರು ಯಾರು? ಮೂರನೆಯದಕ್ಕೆ ಉತ್ತರವಾಗಿ ಬಂದವರನ್ನೇ ಮುಂದಿನ ವಾರ ತರಗತಿಗೆ ಕರೆದುಕೊಂಡು ಬರಲು ಹೇಳಿ.